ಹದಿಮೂರನೇ ಟವರ್

ಶಿಷ್ಯೆ ತಂದ ಪ್ರೋಗ್ರಾಂನ ನಾಲ್ಕನೇ ಹಾಳೆಯ ಮಧ್ಯದಲ್ಲಿ ಹದಿಮೂರನೇ ಟವರ್ ಸಿಕ್ಕಿತು.

ಬ್ರೇಕ್ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅನುಮಾನವೇ ಇಲ್ಲ. ಹದಿಮೂರನೇ ಟವರಿನ ಗಾಳಿ ಮೀಟರು ಮಿತಿ ದಾಟಿದರೆ ರೋಪ್‌ವೇ ವೇಗ ಅರ್ಧಕ್ಕೆ ಇಳಿಯಬೇಕು, ಅಷ್ಟೇ. ಅಚ್ಚುಕಟ್ಟಾದ ಪ್ರೋಗ್ರಾಂ, ಒಂದು ಚುಕ್ಕೆ ಆಚೀಚೆ ಇಲ್ಲ. ಆದರೆ ಕೆಳಗಿನ ನಿಲ್ದಾಣದಿಂದ ಬೆಟ್ಟದ ತುದಿಯವರೆಗೆ ಇರುವುದು ಹನ್ನೆರಡೇ ಟವರ್.

ಬಲೆ ಬೀಸಿದವರು ಅವರೇ. ಬಿದ್ದದ್ದು ನೋಡಿ ಖುಷಿಯಾಗಬೇಕಿತ್ತು. ಆಗಲಿಲ್ಲ.

ಮೂವತ್ತು ವರ್ಷ ಆ ರೋಪ್‌ವೇಯ ಬ್ರೇಕುಗಳನ್ನೇ ನೋಡಿಕೊಂಡಿದ್ದರಿಂದ ಅವರಿಗೆ ಆ ಹೆಸರು. ಕಂಪನಿಗೆ ಎಐ ಬಂದ ಮೇಲೆ ಎರಡನೇ ಮಹಡಿಯ ಎಂಜಿನಿಯರುಗಳು ಪ್ರೋಗ್ರಾಂಗಳನ್ನೆಲ್ಲ ಅದರ ಕೈಲೇ ಬರೆಸುತ್ತಿದ್ದರು. ಬರೆಸಲಿ. ಕ್ಯಾಬಿನ್ ಬಾಗಿಲು ತೆರೆಯುವುದು, ದೀಪ ಹತ್ತುವುದು, ಅದಕ್ಕೆಲ್ಲ ಯಾರು ಬೇಡವೆಂದರು? ಬ್ರೇಕಿಗೆ ಮಾತ್ರ ಕೂಡದು. ಆ ಹಗ್ಗದಲ್ಲಿ ಜನ ನೇತಾಡುತ್ತಾರೆ. ಇದನ್ನು ಶಿಷ್ಯೆಗೆ ಮೊದಲ ದಿನವೇ ಹೇಳಿದ್ದರು. ಪ್ರಾಣ ಹೋದರೂ ಇಲ್ಲ ಸರ್ ಎಂದು ಅವಳೂ ಮಾತು ಕೊಟ್ಟಿದ್ದಳು.

ಎಂಥ ಶಿಷ್ಯೆ! ಆರು ವರ್ಷದ ಹಿಂದೆ ಹನ್ನೆರಡು ಟವರನ್ನೂ ಅವರ ಹಿಂದೆ ನಡೆದೇ ನೋಡಿದವಳು. ಒಂಬತ್ತನೆಯದರ ಬುಡದಲ್ಲಿ ಬೂಟು ಬಾಯಿಬಿಟ್ಟಾಗ ಇವರೇ ತಂತಿ ಸುತ್ತಿ ಕಟ್ಟಿಕೊಟ್ಟಿದ್ದರು. ಸ್ವಂತ ಮಗಳಿಗೂ ಅಷ್ಟು ಹೇಳಿಕೊಟ್ಟಿರಲಿಲ್ಲ. ಮಗಳು ಕೇಳುತ್ತಲೂ ಇರಲಿಲ್ಲ ಬಿಡಿ. ಇವಳು ಕೇಳುತ್ತಿದ್ದಳು. ಎಷ್ಟು ಬಿಜಿ ಇದ್ದರೂ ನಮ್ಮ ಸರ್ ಕೇಳಿದ ತಕ್ಷಣ ಉತ್ತರ ಕೊಡುತ್ತಾರೆ ಎಂದು ಅವಳು ಕ್ಯಾಂಟೀನಿನಲ್ಲಿ ಹೊಗಳಿದ್ದು ಕಿವಿಗೆ ಬಿದ್ದ ದಿನ ಸಾಹೇಬರು ಎರಡು ಕಪ್ ಕಾಫಿ ಕುಡಿದಿದ್ದರು.

ಇತ್ತೀಚೆಗೆ ಅವಳ ಕೆಲಸ ವಿಪರೀತ ಚುರುಕಾಗಿತ್ತು. ಎರಡನೇ ಮಹಡಿಯವರ ಜೊತೆ ಕೂತು ಅವರ ಪರದೆ ಇಣುಕುತ್ತಿದ್ದುದನ್ನೂ ಇವರು ಕಂಡಿದ್ದರು. ಅನುಮಾನ ಒಮ್ಮೆ ತಲೆಗೆ ಹೊಕ್ಕ ಮೇಲೆ ಸುಮ್ಮನಿರುತ್ತದೆಯೇ? ಹೊಸ ಬ್ರೇಕ್ ವ್ಯವಸ್ಥೆಯ ವಿವರಪಟ್ಟಿಯಲ್ಲಿ ಇಲ್ಲದ ಟವರೊಂದನ್ನು ಸೇರಿಸಿ, ಅವಳ ಮೇಜಿನ ಮೇಲಿಟ್ಟು, ಹಗ್ಗ ಬದಲಿಸುವ ಕೆಲಸಕ್ಕೆಂದು ವಾರದ ಮಟ್ಟಿಗೆ ಮೇಲಿನ ನಿಲ್ದಾಣಕ್ಕೆ ಹೊರಟುಹೋದರು. ಎಐ ಆದರೆ ಕೊಟ್ಟದ್ದನ್ನು ಕಣ್ಣುಮುಚ್ಚಿ ಬರೆಯುತ್ತದೆ. ಮನುಷ್ಯರಾದರೆ ಕೇಳುತ್ತಾರೆ.

ವಾರವಿಡೀ ಕಾದರು. ಜೇಬಿನಲ್ಲಿ ಮೊಬೈಲು ಆಗಾಗ ಟಿಣ್ ಎನ್ನುತ್ತಿತ್ತು. ಅವಳ ಕರೆ ಮಾತ್ರ ಬರಲಿಲ್ಲ. ಟಿಣ್ ಎನ್ನುವುದಕ್ಕೆಲ್ಲ ಅವರು ತಲೆ ಕೆಡಿಸಿಕೊಳ್ಳುವವರಲ್ಲ. ಇ-ಮೇಲ್ ಎಂದರೇ ತಲೆನೋವು. ಹೋದ ವರ್ಷ ಬಂದಿದ್ದ ಅಳಿಯ, ಕೊಡಿ ಮಾವ ಎಂದು ಮೊಬೈಲು ಇಸಿದುಕೊಂಡು ಏನೋ ಹಾಕಿಕೊಟ್ಟಿದ್ದ. ಅಂದಿನಿಂದ ಆ ಕಾಟ ತಪ್ಪಿತ್ತು.

ಈಗ ಶಿಷ್ಯೆ ಎದುರಿಗೆ ನಿಂತಿದ್ದಳು, ದಪ್ಪ ಫೈಲೊಂದನ್ನು ಎದೆಗೆ ಅವುಚಿಕೊಂಡು. ಸಾಹೇಬರು ಇವತ್ತು ಒಂದು ಸಹಿ ಹಾಕಿದರೆ ಇನ್ನು ಮುಂದೆ ಬ್ರೇಕಿಗೆಲ್ಲ ಅವಳೇ ಜವಾಬ್ದಾರಿ. ನಿವೃತ್ತರಾಗಲಿರುವ ಅವರ ಕುರ್ಚಿಯೂ ಅವಳದೇ.

"ಹದಿಮೂರನೇ ಟವರ್ ಎಲ್ಲಿದೆಯಮ್ಮ?" ಮಗೂ ಎನ್ನಲು ನಾಲಿಗೆ ಬರಲಿಲ್ಲ.

ಅವಳು ನಕ್ಕಳು. "ನೀವೇ ಹೇಳಿದ್ರಲ್ಲ ಸರ್, ಹಾಕು ಅಂತ."

ಸಾಹೇಬರು ವಿವರಪಟ್ಟಿಯ ಮೇಲೆ ಬೆರಳು ಕುಟ್ಟಿದರು. "ನಾನು ಹೇಳಿದೆ ಅಂತ ಹಾಕಿಬಿಡೋದಾ? ಒಂದು ಮಾತು ಕೇಳೋಕಾಗಲಿಲ್ವಾ?"

ನಗು ಅಲ್ಲೇ ನಿಂತಿತು. ಎಐ ಕೈಲಿ ಬರೆಸಿದ್ದೀಯ, ಕೊಟ್ಟ ಮಾತಿಗೆ ತಪ್ಪಿದ್ದೀಯ, ಮಗಳು ಅಂತ ನಂಬಿದ್ದೆ ಎಂದು ಸಾಹೇಬರು ಒಂದೇ ಸಮನೆ ಅಂದರು. ಅವಳು ಫೈಲಿನ ಕೊನೆಯ ಹಾಳೆ ತೆಗೆಯಲು ಹೋಗಿ, ಮತ್ತೆ ಮುಚ್ಚಿದಳು. ಕೊನೆಗೆ ಫೈಲನ್ನು ಮೇಜಿನ ಮೇಲಿಟ್ಟಳು.

"ನೀವು ಹೀಗೆ ಮಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ ಸರ್."

ಬಲೆ ಬೀಸಿದ್ದಕ್ಕೆ ಅನ್ನುತ್ತಿದ್ದಾಳೆ ಎಂದುಕೊಂಡರು. ಮಾಡಿದ್ದು ಇವಳು, ಮೇಲಿಂದ ರೋಷ ಬೇರೆ!

ಅವಳು ಹೋದ ಮೇಲೆ ಸಾಹೇಬರು ಕೈಬರಹದಲ್ಲೇ ಮೂರು ಸಾಲು ಬರೆದರು: ಬ್ರೇಕಿನ ಕೆಲಸಕ್ಕೆ ಇವಳು ತಕ್ಕವಳಲ್ಲ, ಅನುಮಾನ ಬಂದರೆ ಕೇಳುವ ಗುಣವಿಲ್ಲ, ಸಹಿಯ ಅಧಿಕಾರ ಕೊಡಬಾರದು. ಮುಖ್ಯಸ್ಥರು ಎರಡು ಸಲ ಓದಿ, ಖಂಡಿತವೇ ಎಂದು ಕೇಳಿದರು. ಖಂಡಿತ ಎಂದರು ಇವರು. ಮಧ್ಯಾಹ್ನದೊಳಗೆ ಅವಳು ಗುರುತಿನ ಚೀಟಿ ಒಪ್ಪಿಸಿ ಗೇಟು ದಾಟಿದಳೆಂದು ವಾಚ್‌ಮನ್ ಬಂದು ಹೇಳಿದ. ಇವರು ತಲೆ ಎತ್ತಲಿಲ್ಲ. ಕಣ್ಣು ಒದ್ದೆಯಾಗಿತ್ತು.

ಫೈಲು ಮೇಜಿನ ಮೇಲೇ ಇತ್ತು. ಬೀರುವಿಗೆ ಸೇರಿಸೋಣವೆಂದು ಎತ್ತಿದರು. ಆರು ವರ್ಷ ಅವಳು ಕೇಳಿದ ಪ್ರಶ್ನೆಗಳು, ಇವರು ಕೊಟ್ಟ ಉತ್ತರಗಳು, ಎಲ್ಲ ದಿನಾಂಕದ ಪ್ರಕಾರ. ಮೊದಲ ಐದು ವರ್ಷದವು ಇವರದೇ ಪೆನ್ಸಿಲ್ ಗೀಚು. ಆಮೇಲಿನವು ಇ-ಮೇಲಿನ ಪ್ರಿಂಟುಗಳು, ಒಂದೊಂದು ಸಾಲಿನ ಅಡಿಗೂ ಭಕ್ತಿಯಿಂದ ಗೆರೆ ಎಳೆದಿದ್ದಳು. ಎಲ್ಲವೂ ಒಂದೇ ಥರ ಶುರುವಾಗುತ್ತಿದ್ದವು. ಅವುಗಳಲ್ಲಿ ಒಂದನ್ನೂ ಇವರು ಕಂಡಿರಲಿಲ್ಲ.

ಕೊನೆಯ ಹಾಳೆ ಹೋದ ಸೋಮವಾರದ್ದು.

'ಸರ್, ಹದಿಮೂರನೇ ಟವರ್ ನಮ್ಮಲ್ಲಿಲ್ಲ. ನಿಮ್ಮ ಹಿಂದೆ ನಡೆದು ಎಣಿಸಿದ್ದೇನೆ, ಹನ್ನೆರಡೇ. ಹಗ್ಗದ ಕೆಲಸದಲ್ಲಿರುವಾಗ ಫೋನ್ ಮಾಡಬಾರದೆಂದು ಬರೆಯುತ್ತಿದ್ದೇನೆ. ಏನು ಮಾಡಲಿ?'

'ಮಗೂ, ಒಳ್ಳೆಯ ಪ್ರಶ್ನೆ. ಟವರ್ ನನ್ನ ಗಮನದಲ್ಲಿದೆ. ಪಟ್ಟಿಯಲ್ಲಿರುವಂತೆಯೇ ಹಾಕು.' ಕೆಳಗೆ ಅವರ ಹೆಸರು, ಹುದ್ದೆ.

ಪ್ರಶ್ನೆ ಹೋದದ್ದು ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ. ಉತ್ತರ ಬಂದದ್ದೂ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ.

ಜೇಬಿನಲ್ಲಿ ಮೊಬೈಲು ಟಿಣ್ ಎಂದಿತು. ವರ್ಷದಲ್ಲಿ ಮೊದಲ ಸಲ ಸಾಹೇಬರು ಅದನ್ನು ತೆಗೆದು ನೋಡಿದರು. ಅವಳದೇ: 'ಸರ್, ನಿಮ್ಮ ಮಾತು ನಂಬಿದ್ದು ಬಿಟ್ಟರೆ ನಾನು ಮಾಡಿದ ತಪ್ಪೇನು?'

ಅವರು ಮೊದಲ ಅಕ್ಷರ ಹುಡುಕುವಷ್ಟರಲ್ಲಿ ಅಳಿಯ ಹಾಕಿಕೊಟ್ಟದ್ದು ಉತ್ತರ ಕಳಿಸಿಯಾಗಿತ್ತು: 'ಮಗೂ, ಒಳ್ಳೆಯ ಪ್ರಶ್ನೆ.'