ತಾನೇ ಮಡಚಿದ ಕೈ

ಮೂರನೇ ಹಸಿರು ಬಳೆ ಗೆಣ್ಣು ದಾಟಿದ ಮೇಲೆ ಬಳೆಗಾರ್ತಿ ನಜ್ಮಾ ತನ್ನ ಹಿಡಿತ ಬಿಟ್ಟಳು. ಆದರೆ ಮಲ್ಲಿಕಾಳ ಕೈ ಬಿಚ್ಚಿಕೊಳ್ಳಲಿಲ್ಲ. ಹೆಬ್ಬೆರಳು ಅಂಗೈಗೆ ಒತ್ತಿಕೊಂಡು, ಉಳಿದ ನಾಲ್ಕು ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿಕೊಂಡು, ಬಳೆ ತೊಡಿಸಲು ಮಡಚಿದ ಆಕಾರದಲ್ಲೇ ನಿಂತುಬಿಟ್ಟಿತು.

"ಸಡಿಲ ಬಿಡವ್ವಾ," ಎಂದಳು ನಜ್ಮಾ.

"ಬಿಟ್ಟೀನಿ," ಎಂದಳು ಮಲ್ಲಿಕಾ. "ನಾ ಹಿಡಿದಿಲ್ಲ."

ಅತ್ತೆ ನೀಲಗಂಗಮ್ಮ ನಕ್ಕಳು. ಐದು ದಿನದ ಹಿಂದೆ ಕಲಬುರಗಿಯಲ್ಲಿ ಸೊಸೆಯ ಕುತ್ತಿಗೆಯಿಂದ ಕಡಲೆಕಾಳಿನಷ್ಟಿದ್ದ ಗ್ರಂಥಿಯೊಂದನ್ನು ತೆಗೆದಿದ್ದರು. ಅವಳ ಎಲುಬು ಸವೆಸುತ್ತಿದ್ದುದು ಅದೇ ಅಂತೆ. ಆಪರೇಷನ್ನಿಗೆ ಮುಂಚೆ ಬಳೆಗಳನ್ನೂ ಒಂದೂ ಬಿಡದೆ ತೆಗೆಸಿದ್ದರು. ಮುತ್ತೈದೆ ಬರಿಗೈಯಲ್ಲಿ ಕಮಲಾಪುರದ ಮನೆತುಂಬ ಓಡಾಡುವುದನ್ನು ನೋಡಲಾರದೆ ನೀಲಗಂಗಮ್ಮನೇ ನಜ್ಮಾಳನ್ನು ಕರೆಸಿದ್ದಳು.

"ಯಾರದೋ ಕಣ್ಣು ಬಿದ್ದದ, ಅಷ್ಟೇ," ಎಂದು ಸೊಸೆಯ ಕೆನ್ನೆ ತಟ್ಟಿದಳು. ತಟ್ಟಿದ ಕಡೆಯ ತುಟಿ ಮೇಲಕ್ಕೆ ಜಗ್ಗಿ ನಕ್ಕಂತಾಯಿತು. ಕಣ್ಣು ನಗುತ್ತಿರಲಿಲ್ಲ. ಮತ್ತೊಮ್ಮೆ ತಟ್ಟಿದಳು. ತುಟಿ ಮತ್ತೆ ನಕ್ಕಿತು. ನೀಲಗಂಗಮ್ಮ ಮೂರನೇ ಸಲ ತಟ್ಟಲಿಲ್ಲ.

"ಬೆಳಿಗ್ಗಿಂದ ಬಾಯಿ ಸುತ್ತ ಇರುವಿ ಹರಿದಂಗ ಆಗಾಕತ್ತದ, ಅತ್ತಿ," ಎಂದು ಮಲ್ಲಿಕಾ ತುಟಿ ಒರೆಸಿಕೊಂಡಳು. ಅಲ್ಲಿ ಒಂದು ಇರುವೆಯೂ ಇರಲಿಲ್ಲ.

ನಜ್ಮಾ ಪೆಟ್ಟಿಗೆ ಮುಚ್ಚಿದಳು. ಮದುಮಕ್ಕಳಿಗೆ, ಬಸುರಿಯರಿಗೆ, ಮುತ್ತೈದೆಯಾಗಿ ಹೋದವರ ಹೆಣಕ್ಕೂ ಬಳೆ ತೊಡಿಸಿದವಳು ಆಕೆ. "ಅಮ್ಮಾ, ಜೀವ ಇರೋ ಕೈ ಎದುರಾಡ್ತದ್ರೀ. ಇದನ್ನ ನಾ ಮಡಚಿಲ್ಲ. ತಾನೇ ಮಡಚಿ ಕೊಟ್ಟದ. ಮೊದಲು ದವಾಖಾನಿಗಿ ನಡೀರಿ."

ನಜ್ಮಾ ಬಂದಿದ್ದ ಆಟೋದಲ್ಲೇ ಮೂವರೂ ಹೊರಟರು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಆಟೋ ಸಿಕ್ಕಿಕೊಂಡಾಗ ಮಲ್ಲಿಕಾಳ ಎಡಗೈ, ಯಾರೂ ಮುಟ್ಟದ ಬರಿಗೈ, ಮಡಿಲಲ್ಲಿ ಮೆಲ್ಲಗೆ ಮಡಚಿಕೊಳ್ಳತೊಡಗಿತು. ಮಲ್ಲಿಕಾ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಅತ್ತಿ, ನಾ ಸಾಯ್ತೀನೇನು?"

ನೀಲಗಂಗಮ್ಮ ಆ ಕೈಯನ್ನು ತನ್ನ ಸೆರಗಿನಿಂದ ಮುಚ್ಚಿದಳು.

"ಕ್ಯಾಲ್ಸಿಯಂ ಗುಳಿಗಿ ತಪ್ಪದೆ ಕೊಟ್ರಿಲ್ಲೋ?" ದವಾಖಾನೆಯಲ್ಲಿ, ಆಪರೇಷನ್ ಮಾಡಿದ್ದ ಡಾಕ್ಟರ್ ಮಾಯಾ ಸೂಜಿ ಚುಚ್ಚುತ್ತಲೇ ಕೇಳಿದಳು.

"ಮೂರು ದಿನದಿಂದ ಹಿಟ್ಟಿನ ಡಬ್ಬ್ಯಾಗ ಬಚ್ಚಿಟ್ಟೀನ್ರೀ," ಎಂದಳು ನೀಲಗಂಗಮ್ಮ, ಅಳುತ್ತಾ. "ರಕ್ತದಾಗ ಕ್ಯಾಲ್ಸಿಯಂ ಹೆಚ್ಚಾಗೇದ ಅಂತ ನೀವೇ ಅಂದಿದ್ರಿ. ಮತ್ತ ಅದನ್ನೇ ಯಾಕ ನುಂಗಿಸೋದು ಅಂತ..."

"ಅದು ರಕ್ತಕ್ಕ ಬಂದಿದ್ದು ಎಲ್ಲಿಂದ? ಆ ಗ್ರಂಥಿ ಎಲುಬಿನಿಂದ ಕದ್ದು ತಂದು ಹಾಕ್ತಿತ್ತು. ಈಗ ಕಳ್ಳ ಹೋದ. ವರ್ಷಗಟ್ಟಲೆ ಉಪವಾಸ ಇದ್ದ ಎಲುಬು ಉಣ್ಣಾಕ ಕುಂತಾವ. ನೀವು ಹಾಕಲಿಲ್ಲ ಅಂದ್ರ ರಕ್ತದಾಗಿಂದೇ ಎಳಕೊಂಡು ತಿಂತಾವ. ರಕ್ತದಾಗ ಕ್ಯಾಲ್ಸಿಯಂ ಇಳಿದದ್ದಕ್ಕೇ ಕೈ ಹಿಂಗ ಸೆಟಕೊಂಡಾವ. ಇನ್ನೊಂದಿಷ್ಟು ತಡ ಆಗಿದ್ರ ಎದಿ ಬಡಿತಾನೇ ತಪ್ಪತಿತ್ತು."

ಬಾಟಲಿಯಿಂದ ಔಷಧಿ ಹನಿಹನಿಯಾಗಿ ಇಳಿಯಿತು. ಬಹಳ ಹೊತ್ತಿನ ಮೇಲೆ ಕಿರುಬೆರಳು ಸಡಿಲಾಯಿತು, ಆಮೇಲೆ ಉಳಿದವು. ಮೂರು ಬಳೆ ಮಣಿಕಟ್ಟಿಗೆ ಜಾರಿ ಸದ್ದು ಮಾಡಿದಾಗ ನೀಲಗಂಗಮ್ಮ ಬೆಚ್ಚಿಬಿದ್ದಳು. ಸೊಸೆಯ ಕೆನ್ನೆ ಸವರಲು ಎತ್ತಿದ ಕೈಯನ್ನು ಅರ್ಧಕ್ಕೇ ಹಿಂದೆಗೆದುಕೊಂಡಳು.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಕಮಲಾಪುರದ ಮನೆಯಲ್ಲಿ ಮಲ್ಲಿಕಾ ಊಟಕ್ಕೆ ಕುಳಿತಳು. ಹಸಿವಾಗಿತ್ತು. ರೊಟ್ಟಿ ಮುರಿಯಲು ಚಾಚಿದ ಕೈಯನ್ನು ನೀಲಗಂಗಮ್ಮ ತಡೆದು, ಅಂಗೈ ಮೇಲೆ ಎರಡು ಬಿಳಿ ಗುಳಿಗೆ ಇಟ್ಟಳು. ಆಮೇಲೆ, ಬಾಗಿಲಲ್ಲಿ ಯಾರೋ ಕಾದಿದ್ದಾರೆ ಎಂಬಂತೆ ದನಿ ತಗ್ಗಿಸಿದಳು.

"ತಡಿ ಯವ್ವಾ. ಮೊದಲು ಎಲುಬು ಉಣ್ಣಲಿ."