ಕದಿರಮ್ಮನ ಮಣೆ

ಬೀದಿಯ ಆಂಟೆನಾಗಳನ್ನೆಲ್ಲ ಬಗ್ಗಿಸಿ ಬಂದಿದ್ದ ಕೋತಿ ಸೀದಾ ಕದಿರಮ್ಮನ ಮಣೆಯ ಮೇಲೆ ಕೂತುಬಿಟ್ಟಿತು. ಸೊಸೆ ವೆಂಕಟರತ್ನಮ್ಮ ಕೋಲೆತ್ತಿದಳು. ಅತ್ತೆ ತೀರಿಹೋದ ಮೇಲೆ ಇದೇ ಮೊದಲ ಅವರೆ ಕಾಲ. ಕಾಳು ಹಿತಕಲು ಕೂರುವಾಗ ಅಭ್ಯಾಸಬಲದಿಂದ ಅವರ ಮಣೆಯನ್ನೂ ಮಾಳಿಗೆಗೆ ತಂದಿಟ್ಟಿದ್ದಳು.

"ಹೊಡಿಯಮ್ಮೋ, ನೆನೆಸಿದ ಕಾಳೆಲ್ಲ ತಿಂದ್ಹಾಕ್ತದೆ!" ಎಂದು ಪಕ್ಕದ ಮಾಳಿಗೆಯಿಂದ ಪೆದ್ದಮ್ಮ ಕೂಗಿದರು.

ಕೋತಿಗೆ ಅವಸರವಿರಲಿಲ್ಲ. ಕಾಲು ಚಾಚಿಕೊಂಡು, ಬೋಗುಣಿಯಿಂದ ಒಂದು ಕಾಳೆತ್ತಿ, ಚಿಂತಾಮಣಿಯ ಹೆಂಗಸರನ್ನೆಲ್ಲ ನೋಡಿ ಕಲಿತಂತೆ ಎರಡು ಬೆರಳಲ್ಲಿ ಹಿತಕಿತು. ಸಿಪ್ಪೆ ಅದರ ಕೈಯಲ್ಲೇ ಉಳಿಯಿತು. ಬೇಳೆ ಚಿಮ್ಮಿ ವೆಂಕಟರತ್ನಮ್ಮನ ಕೆನ್ನೆಗೆ ಬಡಿಯಿತು. ಸೊಸೆ ತೂಕಡಿಸಿದಾಗಲೆಲ್ಲ ಕದಿರಮ್ಮ ಗುರಿಯಿಟ್ಟು ಹಾರಿಸುತ್ತಿದ್ದುದೂ ಅದೇ ಕೆನ್ನೆಗೆ.

ಅವಳು ಕೋಲು ಕೆಳಗಿಟ್ಟು, ಬೋಗುಣಿಯನ್ನು ಮಣೆಯ ಹತ್ತಿರಕ್ಕೆ ಸರಿಸಿದಳು.

"ತೂಕಡಿಸ್ತಿಲ್ಲ ಅತ್ತಮ್ಮ, ಎದ್ದೇ ಇದೀನಿ," ಎಂದಳು.