ಭಕ್ತರಿಗೆ ಅನುಕೂಲ

ಮಡದಿ ತೀರಿಕೊಂಡ ಮೇಲೆ ಎರಡು ತಿಂಗಳು ತಂಗಿಯ ಮನೆಯಲ್ಲಿದ್ದು ಮರಳಿದ ವಾಸುದೇವರಾಯರು ಮಧ್ಯಾಹ್ನದ ಮಂಗಳಾರತಿಗೆಂದು ಬಡಾವಣೆಯ ಗುಡಿಗೆ ಹೋದರು. ಮಡದಿ ನಲವತ್ತು ವರ್ಷ ಬುಡದಲ್ಲಿ ಕುಳಿತು ದೇವರಿಗೆ ಹೂ ಕಟ್ಟಿದ್ದ ಹೊಂಗೆಮರ ಅಲ್ಲಿರಲಿಲ್ಲ. ಆ ಜಾಗದಲ್ಲಿ ಸಿಮೆಂಟು ನೆಲ, ಮೇಲೆ ತಗಡಿನ ಚಪ್ಪರ. ಅದರಡಿ ಒಲೆಯ ಮುಂದೆ ನಿಂತಂಥ ಧಗೆ. ಭಕ್ತರೆಲ್ಲ ಎದುರಿನ ಅಂಗಡಿಯ ಜಗಲಿಯಲ್ಲಿ ಸೆರಗು, ಟವೆಲು ಬೀಸಿಕೊಳ್ಳುತ್ತ ಕುಳಿತಿದ್ದರು.

ರಾಯರಿಗೆ ಹೇಸಿಗೆಯಾಯಿತು.

“ಯಾವ ಪಾಪಿ ಕಡಿಸಿದ್ದು?”

“ನಾವೇ ರಾಯರೇ, ಪರ್ಮಿಷನ್ ತಗೊಂಡೇ ಕಡಿಸಿದ್ವಿ,” ಎಂದರು ಗುಡಿಯ ಸಮಿತಿಯ ಅಧ್ಯಕ್ಷ ಪುಟ್ಟರಂಗಯ್ಯ.

“ಥೂ! ದೇವರ ಎದುರಿಗೇ ಕೊಡಲಿ ಎತ್ತೋಕೆ ಕೈಯಾದ್ರೂ ಹೇಗೆ ಬಂತ್ರೀ? ಇಡೀ ಬೀದಿಗೆ ಇದ್ದ ಒಂದೇ ನೆರಳು ಅದು.”

“ಮರ ಇದ್ರೆ ಚಪ್ಪರಕ್ಕೆ ಜಾಗ ಎಲ್ಲಿತ್ತು?”

“ಯಾರಿಗೆ ಬೇಕಿತ್ತು ಈ ದರಿದ್ರ ಚಪ್ಪರ? ಇದನ್ನ ಕಟ್ಟಿಸಿದವನ ಮನೆ ಹಾಳಾಗ!”

ಪುಟ್ಟರಂಗಯ್ಯ ಗಾಬರಿಯಿಂದ ಅವರ ಕೈ ಹಿಡಿದುಕೊಂಡರು.

“ಬಿಡ್ತು ಅನ್ನಿ ರಾಯರೇ! ವೈಕುಂಠ ಸಮಾರಾಧನೆ ದಿನ ದುಡ್ಡು ಕೊಟ್ಟು, ನಿಮ್ಮ ಮನೆಯವರ ನೆನಪಿಗೆ ಭಕ್ತರಿಗೇನಾದ್ರೂ ಅನುಕೂಲ ಮಾಡ್ಸಿ ಅಂದಿದ್ದು ನೀವೇ ಅಲ್ವೇ? ನೋಡಿ, ಮೇಲೆ ಅವರ ಹೆಸರೇ ಬರೆಸಿದ್ದೀವಿ.”